ಗೋಡೆಯೊಳಗಿನ ಮುದ್ದೆ

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಮೈಸೂರಿನ ಕಡೆಯಿಂದ ಬಂದ ರೈಲು ಮಂಡ್ಯದ ಹೊರಗೆ ಕೂಗು ಹಾಕಿದಾಗ, ಹೊಂಬಾಳಮ್ಮ ಅಡಿಗೆಮನೆಯ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ರೈಲಿನ ಸದ್ದು ಇರುವಷ್ಟು ಹೊತ್ತು ಹೊಡೆದಳು. ಸದ್ದು ಅಡಗಿದೊಡನೆ ಕೈಯೆತ್ತಿದಳು. ಮೊಳೆ ಅರ್ಧ ಗೋಡೆಯ ಒಳಗಿತ್ತು, ಅರ್ಧ ಹೊರಗಿತ್ತು. ಉಳಿದರ್ಧ ಸಂಜೆಯ ರೈಲಿಗೆ.

ಅದು ೧೯೪೧ರ ಜನವರಿಯ ಮೊದಲ ವಾರ. ಹೊಂಬಾಳಮ್ಮನ ಗಂಡ ನಿಂಗಯ್ಯನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಹಿಂದಿನ ಶಿವರಾತ್ರಿಯ ಹೊತ್ತಿಗೆ ಗಂಡಹೆಂಡಿರು ತಮ್ಮ ಹಳ್ಳಿ ಹೊಳಲಿನಿಂದ ಬಂದು, ರೈಲುಹಳಿಯ ಪಕ್ಕದ ಕರಿಯಪ್ಪನ ವಠಾರದಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದರು. ಸಾಲಾಗಿ ಐದು ಹೆಂಚಿನ ಮನೆಗಳು. ಮೊದಲನೆಯದರಲ್ಲಿ ಕರಿಯಪ್ಪನೇ ಇದ್ದ. ಉಳಿದ ನಾಲ್ಕರ ಬಾಡಿಗೆದಾರರಿಗೆ ಅವನು ಹಾಕಿದ್ದ ಕಟ್ಟಳೆ ಒಂದೇ: ಗೋಡೆಗೆ ಮೊಳೆ ಹೊಡೆಯಕೂಡದು.

ಆ ಗೋಡೆಗಳ ಮಣ್ಣನ್ನು ಕರಿಯಪ್ಪ ಸ್ವಂತ ಕಾಲಿನಿಂದ ತುಳಿದು ಹದಮಾಡಿದ್ದ. ಮಳೆಗಾಲದಲ್ಲಿ ಒಂದು ಗೋಡೆ ಬೆವರಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ಮನೆಮನೆಗೂ ಬಂದು ಗೋಡೆಗಳನ್ನು ನೋಡುತ್ತಿದ್ದ. ಬೆರಳಿನ ಗೆಣ್ಣಿನಿಂದ ತಟ್ಟುವನು, ಕಿವಿ ಇಡುವನು, ಎಲ್ಲಾದರೂ ಸುಣ್ಣ ಎದ್ದಿದ್ದರೆ ಅಂಗೈಯಿಂದ ಸವರುವನು.

"ಗೋಡೆ ಅಂದ್ರೆ ಅದೂ ಒಂದು ಮೈಯಿ ಕಣಮ್ಮ. ನಿನ್ ಮೈಗೆ ಮೊಳೆ ಹೊಡುದ್ರೆ ಸುಮ್ಕಿದ್ದೀಯಾ?"

"ಎಲ್ಲಾದ್ರೂ ಉಂಟಾ ಯಜಮಾನ್ರೇ? ಬೇಕಾದ್ರೆ ಉಡುಕಿ. ಗೋಡೇಲಿ ಒಂದು ಮೊಳೆ ಸಿಕ್ರೆ ಕೇಳಿ."

ಅದು ಸುಳ್ಳಲ್ಲ. ಗುರುವಾರ ಸಂಜೆಯೇ ಅವಳು ಮೊಳೆಯನ್ನು ಕಿತ್ತು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಯುದ್ಧ ಶುರುವಾದ ಮೇಲೆ ಕಬ್ಬಿಣ ಸಿಗುವುದು ಕಷ್ಟವಾಗಿತ್ತು. ಅವಳ ಹತ್ತಿರ ಇದ್ದದ್ದು ತವರಿನಿಂದ ತಂದ ಒಂದೇ ಮೊಳೆ. ಕಿತ್ತ ಜಾಗದ ತೂತಿಗೆ ಮಧ್ಯಾಹ್ನ ಉಳಿದ ರಾಗಿಮುದ್ದೆಯನ್ನು ಚಿಟಿಕೆ ಮುರಿದು ತುರುಕಿ, ಹೆಬ್ಬೆರಳಿನಲ್ಲಿ ಒತ್ತಿ, ಮೇಲೆ ಸುಣ್ಣ ಸವರಿದರೆ ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ತೊಡಕು ಒಂದೇ. ಮುದ್ದೆ ತುಂಬಿದ ತೂತು ಮತ್ತೆ ಮೊಳೆಯನ್ನು ಹಿಡಿಯುವುದಿಲ್ಲ. ಆದ್ದರಿಂದ ಶುಕ್ರವಾರ ಕರಿಯಪ್ಪ ಹೊರಟುಹೋದ ಮೇಲೆ ರಾಗಿ ಜರಡಿಯನ್ನು ತೂಗುಹಾಕಲು ಹೊಸ ಜಾಗ, ಹೊಸ ತೂತು. ಈ ಉಪಾಯವನ್ನು ಅವಳು ಪಕ್ಕದ ಮನೆಯ ಸಣ್ಣತಾಯಮ್ಮನಿಗೂ ಹೇಳಿಕೊಟ್ಟಿದ್ದಳು. ಸಣ್ಣತಾಯಮ್ಮನ ಬಾಯಲ್ಲಿ ಯಾವ ಗುಟ್ಟೂ ನಿಲ್ಲುವುದಿಲ್ಲವಾದ್ದರಿಂದ ಅದು ವಠಾರದ ಹೆಂಗಸರಿಗೆಲ್ಲ ತಲುಪಿತ್ತು.

ಆದರೆ ಈ ಸಲ ಹೊಂಬಾಳಮ್ಮನಿಗೆ ಬೇಕಾಗಿದ್ದುದು ಮುದ್ದೆಯಿಂದ ಮುಚ್ಚಿಡುವಂಥದಲ್ಲ. ಮಳವಳ್ಳಿಗೆ ಕೊಟ್ಟಿದ್ದ ಮಗಳು ಮಲ್ಲಿಗಮ್ಮ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಕರೆತರಬೇಕು, ಹೆತ್ತ ಮೇಲೆ ತೊಟ್ಟಿಲು ಹಾಕಬೇಕು. ಹೊಳಲಿನಲ್ಲಿ ಅಜ್ಜಿಯ ಕಾಲದ ಹಲಸಿನ ಮರದ ತೊಟ್ಟಿಲಿತ್ತು. ಅದನ್ನು ತೂಗುಹಾಕಲು ನಡುಮನೆಯ ತೊಲೆಗೆ ಒಂದು ಕಬ್ಬಿಣದ ಕೊಂಡಿ ಬೇಕಿತ್ತು. ಮಲ್ಲಿಗಮ್ಮನ ಅತ್ತೆ ಮೊನ್ನೆ ಮದ್ದೂರಿನ ಸಂತೆಯಲ್ಲಿ ಸಿಕ್ಕಿ, ನಾಲ್ಕು ಜನರ ಮುಂದೆ ಕೇಳಿದ್ದಳು:

"ಬಾಡಿಗೆ ಮನೇಲಿ ತೊಟ್ಲು ಎಲ್ಲಿ ಕಟ್ಟೀರಿ ಬೀಗ್ತಿ, ಚಂದ್ರಂಗಾ? ಅವಳು ನಮ್ಮಲ್ಲೇ ಎರ್ಲಿ ಬುಡಿ."

ಆ ಮಾತು ಹೊಂಬಾಳಮ್ಮನ ಎದೆಯಲ್ಲಿ ಮೊಳೆಯ ಹಾಗೆ ನಾಟಿತು. ಮರುದಿನವೇ ಕರಿಯಪ್ಪನನ್ನು ಕೇಳಿದಳು.

"ತೊಲೆಗಾ?" ಕರಿಯಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ತೊಲೆ ಅಂದ್ರೆ ಮನೆ ಬೆನ್ನುಮೂಳೆ ಕಣಮ್ಮ!"

"ಓಗ್ಲಿ, ಸೀರೇಲಿ ಜೋಲಿ ಕಟ್ಕೋತೀನಿ."

"ಜೋಲೀನೂ ತೊಲೆಗೇ ತಾನೆ ಕಟ್ಟೋದು?"

"ಕೂಸು ಅತ್ರೆ ಏನ್ ಮಾಡ್ಲಿ ಯಜಮಾನ್ರೇ?"

"ಎತ್ಕೋ."

ಇಷ್ಟು ಹೇಳಿ ಅವನು ಹೊರಟುಹೋಗಿದ್ದ.

ಇತ್ತ ಮೊಳೆ ಅರ್ಧ ಇಳಿದ ಆ ದಿನವೇ, ಸಣ್ಣತಾಯಮ್ಮನ ಮನೆಯಲ್ಲಿ ಇಲಿ ಬಿತ್ತು. ಸೂರಿನಿಂದ ಉರುಳಿ, ತಲೆ ತಿರುಗಿದವರಂತೆ ಎರಡು ಸುತ್ತು ಸುತ್ತಿ, ಒಲೆಯ ಮುಂದೆ ಸತ್ತಿತು. ಆ ಕಾಲದಲ್ಲಿ ಇಲಿ ಬೀಳುವುದೆಂದರೆ ಏನೆಂದು ಮಕ್ಕಳಿಗೂ ಗೊತ್ತಿತ್ತು. ಪ್ಲೇಗು ಮೊದಲು ಇಲಿಗೆ. ಇಲಿ ಸತ್ತು ಮೈ ತಣ್ಣಗಾದರೆ ಅದರ ಮೇಲಿದ್ದ ಚಿಗಟ ಬೆಚ್ಚಗಿನ ಬೇರೆ ಮೈ ಹುಡುಕಿಕೊಂಡು ಬರುತ್ತದೆ. ಆ ಮೈ ನಮ್ಮದು.

ಮಧ್ಯಾಹ್ನದೊಳಗೆ ಪ್ಲೇಗಿನ ಇನ್‌ಸ್ಪೆಕ್ಟರು ಬಂದರು. ಬೆಂಗಳೂರಿನ ಕಡೆಯವರು, ಸಣ್ಣ ಆಳು, ಕೈಯಲ್ಲಿ ಉದ್ದನೆಯ ಇಕ್ಕಳ. ಸತ್ತ ಇಲಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು, ಒಂದೊಂದೇ ಮನೆಯ ಮೂಲೆಮೂಲೆಯನ್ನು ನೋಡತೊಡಗಿದರು. ಕರಿಯಪ್ಪ ಮುಂದೆ ಮುಂದೆ ನಡೆದ, ಮದುವಣಿಗನ ತಂದೆಯ ಹಾಗೆ.

"ನನ್ ಗೋಡೆ ನೋಡಿ ಸ್ವಾಮಿ. ಐದು ಮನೇಗೂ ಸೇರಿ ಒಂದೇ ಒಂದು ತೂತು ತೋರ್ಸಿಬುಡಿ, ಮೀಸೆ ಬೋಳುಸ್ಕೋತೀನಿ."

ಇನ್‌ಸ್ಪೆಕ್ಟರು ಹೊಂಬಾಳಮ್ಮನ ಅಡಿಗೆಮನೆಯಲ್ಲಿ ನಿಂತರು. ಅಲ್ಲಿ ಅರ್ಧ ಇಳಿದ ಮೊಳೆಯನ್ನು ಮರೆಮಾಡಿಕೊಂಡು ಹೊಂಬಾಳಮ್ಮ ಗೋಡೆಗೆ ಬೆನ್ನು ಒರಗಿಸಿ ನಿಂತಿದ್ದಳು. ಅವಳ ಪಕ್ಕದಲ್ಲಿ ಸುಣ್ಣದ ಒಂದು ಚುಕ್ಕೆ ಸ್ವಲ್ಪ ಉಬ್ಬಿತ್ತು. ಇನ್‌ಸ್ಪೆಕ್ಟರು ಇಕ್ಕಳದ ತುದಿಯಿಂದ ಅದನ್ನು ಮೀಟಿದರು. ಗೋಲಿಯಷ್ಟು ದಪ್ಪದ ಒಂದು ಕಂದು ಉಂಡೆ ನೆಲಕ್ಕೆ ಬಿದ್ದು ಉರುಳಿತು. ಅವರು ಅದನ್ನು ಇಕ್ಕಳದಲ್ಲೇ ಎತ್ತಿ, ಬೆಳಕಿಗೆ ಹಿಡಿದು, ದೂರದಿಂದಲೇ ಮೂಸಿದರು.

"ಇದು ಮುದ್ದೆ ಅಲ್ಲವೇನ್ರಿ?"

"ಗೋಡೆಗೆ ಯಾರ್ ಸ್ವಾಮಿ ಮುದ್ದೆ ಇಕ್ತಾರೆ?" ಎಂದ ಕರಿಯಪ್ಪ. "ಗೋಡೆಗೇನು ಅಸಿವಾ?"

ಇನ್‌ಸ್ಪೆಕ್ಟರು ಇನ್ನೊಂದು ಚುಕ್ಕೆ ಮೀಟಿದರು. ಅಲ್ಲಿಯೂ ಮುದ್ದೆ. ಮತ್ತೊಂದರಲ್ಲಿ ಮುದ್ದೆ ಇರಲಿಲ್ಲ. ಹಿಂದಿನಿಂದ ಇಲಿ ತಿಂದು ಖಾಲಿಮಾಡಿ, ಮುಂದಿನ ಮುದ್ದೆಯವರೆಗೆ ಗೋಡೆಯೊಳಗೇ ದಾರಿ ಕೊರೆದಿತ್ತು. ಇಕ್ಕಳ ಹಿಡಿಯವರೆಗೆ ಒಳಗೆ ಹೋಯಿತು. ಪಕ್ಕದ ಮನೆಯಲ್ಲಿ ನೋಡಿದರೆ ಅಲ್ಲಿಯೂ ಮುದ್ದೆ, ಆದರೆ ಮುಟ್ಟದೆ ಹಾಗೇ ಇತ್ತು.

"ನಿನ್ ಮುದ್ದೆ ಬರೀ ಗಂಟು ಕಣೇ ಸಣ್ಣತಾಯಿ," ಎಂದು ಹೊಂಬಾಳಮ್ಮ ಪಿಸುಗುಟ್ಟಿದಳು, "ಇಲೀನೂ ಒಲ್ಲೆ ಅಂದವೆ."

"ಅದುಕ್ಕೇ ನಮ್ಮನೇಲಿ ಬಂದು ಸತ್ತದ್ದು ಕಣಕ್ಕ. ನಿಮ್ಮನೇಲಿ ಉಂಡು, ನಮ್ಮನೇಲಿ ಮಲಿಕ್ಕಂತು."

ಕೊನೆಗೆ ಕರಿಯಪ್ಪನ ಸ್ವಂತ ಮನೆ. "ಇಲ್ಲಿ ಬ್ಯಾಡಿ ಸ್ವಾಮಿ, ಇದು ನಂದು" ಎಂದ ಅವನು. ನಿಯಮಕ್ಕೆ ನಿಮ್ಮದು ಅವರದು ಎಂಬುದಿಲ್ಲ ಎಂದು ಇನ್‌ಸ್ಪೆಕ್ಟರು ಒಳಗೆ ಹೋದರು. ಅಡಿಗೆಮನೆಯ ಗೋಡೆಯಲ್ಲಿ ಇಕ್ಕಳ ಇಟ್ಟಲ್ಲೆಲ್ಲ ಮುದ್ದೆ. ಕರಿಯಪ್ಪ ಹೆಂಡತಿ ದೇವೀರಮ್ಮನ ಮುಖ ನೋಡಿದ.

"ಏನಂಗ್ ನೋಡ್ತೀರಿ? ಮೊಳೆ ಹೊಡಿಬ್ಯಾಡ ಅಂದ್ರೆ ಜರಡಿ ಎಲ್ಲಿ ತಗಲಾಕ್ಲಿ, ನಿಮ್ ಮೂಗಿಗಾ?" ಎಂದಳು ದೇವೀರಮ್ಮ.

ಇನ್‌ಸ್ಪೆಕ್ಟರು ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ಹೇಳಿದರು. ಎಲ್ಲರೂ ಸೂಜಿ ಚುಚ್ಚಿಸಿಕೊಳ್ಳಬೇಕು. ನಾಳೆ ಸಂಜೆಯೊಳಗೆ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳಬೇಕು. ಹೆಂಚು ತೆಗೆದು ಮನೆಯೊಳಕ್ಕೆ ಬಿಸಿಲು ಬಿಡಬೇಕು. ತೂತುಗಳನ್ನೆಲ್ಲ ಅಗೆದು, ಗಾಜಿನ ಚೂರು ಬೆರೆಸಿದ ಗಾರೆಯಿಂದ ತುಂಬಬೇಕು. ಆ ಖರ್ಚು ಮನೆಯ ಯಜಮಾನನದು.

"ಮುದ್ದೆ ಮೆತ್ತಿದವರು ಇವರು, ಗಾರೆ ನಂದಾ?" ಕರಿಯಪ್ಪ ಕೂಗಿದ. "ಇವರ್ಯಾರೂ ವಾಪಸ್ ಬರಾದೇ ಬ್ಯಾಡ!"

"ಊರು ಬಿಡಿ ಅಂದವನು ನಾನು. ಹೋದವರು ಬಂದಾಗ ಅವರ ಮನೆ ಅವರಿಗಿರಬೇಕು," ಎಂದರು ಇನ್‌ಸ್ಪೆಕ್ಟರು. "ಮತ್ತೆ, ನೀವು ಮೊಳೆ ಹೊಡೆಯಲು ಬಿಟ್ಟಿದ್ದರೆ ತೂತಿನಲ್ಲಿ ಮೊಳೆ ಇರುತ್ತಿತ್ತು. ಇಲಿ ಮೊಳೆ ತಿನ್ನುವುದಿಲ್ಲ."

ಕರಿಯಪ್ಪ ಹಲ್ಲು ಕಚ್ಚಿದ. "ಮನೆ ಕೊಡ್ತೀನಿ. ತೊಲೆ ಮಾತ್ರ ಮುಟ್ಟುಸಾಕಿಲ್ಲ," ಎಂದು ಹೊಂಬಾಳಮ್ಮನ ಕಡೆ ತಿರುಗಿ ಹೇಳಿದ.

ಹೊಂಬಾಳಮ್ಮನಿಗೆ ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟ ತುಂಡು ಹೊಲವೊಂದು ಹೊಳಲಿನ ದಾರಿಯಲ್ಲಿತ್ತು. ದಿಣ್ಣೆಯ ಹೊಲ, ರಾಗಿ ಕೊಯ್ದು ಖಾಲಿಯಾಗಿತ್ತು. ಗಂಡಹೆಂಡಿರು ಅಲ್ಲಿ ಬಿದಿರು ನೆಟ್ಟು, ಕಬ್ಬಿನ ಸೋಗೆ ಹೊದಿಸಿ ಗುಡಿಸಲು ಎಬ್ಬಿಸಿದರು. ಪಕ್ಕದಲ್ಲೇ ಸಣ್ಣತಾಯಮ್ಮನವರೂ ಬಂದರು. ಹೊಂಬಾಳಮ್ಮನಿಗೆ ಮಾತ್ರ ಒಂದೇ ಯೋಚನೆ. ಮುದ್ದೆಯ ಉಪಾಯ ಅವಳದು. ಇಲಿಗಳನ್ನು ಊಟಕ್ಕೆ ಕರೆದವಳೂ ಅವಳೇ. ವಠಾರದಲ್ಲಿ ಯಾರಿಗಾದರೂ ಪ್ಲೇಗಿನ ಗಡ್ಡೆ ಎದ್ದರೆ? ಸಣ್ಣತಾಯಮ್ಮನ ಕಂಕುಳನ್ನು ದಿನವೂ ಮುಟ್ಟಿ ನೋಡುತ್ತಿದ್ದಳು. "ಬುಡಕ್ಕ, ಕಚಗುಳಿ ಆಯ್ತದೆ" ಎಂದು ಅವಳು ನಗುತ್ತಿದ್ದಳು.

ಕರಿಯಪ್ಪ ಗಾಡಿ ಕಟ್ಟಿಕೊಂಡು ತನ್ನ ಸ್ವಂತ ಊರು ಕೊತ್ತತ್ತಿಗೆ ಹೋದ. ಪ್ಲೇಗಿನ ಊರಿನಿಂದ ಬಂದವರೆಂದು ಅಣ್ಣತಮ್ಮಂದಿರೇ ಊರಬಾಗಿಲಲ್ಲಿ ತಡೆದರು. ಹಿಂದಿರುಗಿ ಬಂದರೆ ಮಂಡ್ಯದ ಸುತ್ತ ಎಲ್ಲ ಕಡೆ ನಾಲೆ ನೀರಿನ ಗದ್ದೆ. ಕಾಲಿಟ್ಟರೆ ಮೊಣಕಾಲಿನವರೆಗೆ ಕೆಸರು. ಒಣಗಿದ ನೆಲ ಅಂತ ಸಿಕ್ಕಿದ್ದು ಒಂದೇ. ಮರುದಿನ ಹೊತ್ತೇರುವಾಗ ಅವನ ಗಾಡಿ ಹೊಂಬಾಳಮ್ಮನ ಹೊಲದ ಬದುವಿನಲ್ಲಿ ನಿಂತಿತು. ಮೇಲೆ ದೇವೀರಮ್ಮ, ಪಾತ್ರೆಪಡಗ, ಬಿದಿರು, ಸೋಗೆ. ಕರಿಯಪ್ಪನ ಕೈಯಲ್ಲಿ ಹಾರೆ.

"ಓ ಹೊಂಬಾಳಮ್ಮ, ಈ ಮೂಲೇಲಿ ಒಂದು ಗುಡ್ಲು ಆಕ್ಕೋತೀವಿ."

"ಆಕ್ಕೊಳಿ ಯಜಮಾನ್ರೇ, ಅದುಕ್ಕೇನಂತೆ," ಎಂದಳು ಹೊಂಬಾಳಮ್ಮ. "ಗುಣಿ ಮಾತ್ರ ತೋಡಂಗಿಲ್ಲ."

"ಏನಂದೆ?"

"ನೆಲ ಅಂದ್ರೆ ಅದೂ ಒಂದು ಮೈಯಿ."

"ಗುಣಿ ತೋಡ್ದೆ ಕಂಬ ನಿಂತಾವ?"

"ಕೈಲಿ ಹಿಡ್ಕೊಳಿ."

ಸಣ್ಣತಾಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಗುಡಿಸಲಿನ ಹಿಂದಕ್ಕೆ ಓಡಿದಳು.

ಕರಿಯಪ್ಪ ಸೋಲುವ ಆಸಾಮಿಯಲ್ಲ. ಬಿದಿರುಗಳನ್ನು ಒಂದಕ್ಕೊಂದು ಒರಗಿಸಿ, ಬುಡಕ್ಕೆ ಕಲ್ಲು ಕೊಟ್ಟು, ಗುಣಿಯಿಲ್ಲದ ಗುಡಿಸಲು ಕಟ್ಟಿದ. ಒಳಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತ. ಮೇಲುಗಡೆಯ ದಾರಿಯಲ್ಲಿ ಒಂದು ಎಮ್ಮೆ ಕೆಮ್ಮಿತು. ಗುಡಿಸಲು ನಿಧಾನವಾಗಿ ಎಡಕ್ಕೆ ವಾಲಿ ಅವನ ಮೇಲೆ ಮಲಗಿತು. ಸೋಗೆಯ ನಡುವಿನಿಂದ ಅವನ ತಲೆ ಮಾತ್ರ ಕಾಣುತ್ತಿತ್ತು. ಮತ್ತೆ ಕಟ್ಟಿದ, ಈ ಸಲ ಎಮ್ಮೆಯೂ ಬೇಕಾಗಲಿಲ್ಲ. ದೇವೀರಮ್ಮ ಗಾಡಿಯ ಕೆಳಗೆ ಒಲೆ ಹೂಡಿ ಗಂಡನ ಕಡೆ ನೋಡದೆ ಅನ್ನಕ್ಕಿಟ್ಟಳು.

"ಅಮ್ಮಿ, ಪಾಪ ಕಣೆ," ಎಂದ ನಿಂಗಯ್ಯ. "ಇಬ್ಬನೀಲಿ ಮಲಿಕ್ಕೊಂಡಾರ?"

"ನಂಗೊತ್ತಿಲ್ವಾ?" ಎಂದಳು ಹೊಂಬಾಳಮ್ಮ. ಆಗಲೇ ಒಂದು ಚೊಂಬು ಬಿಸಿ ಸಾರನ್ನು ಸೆರಗಿನಲ್ಲಿ ಮುಚ್ಚಿ ದೇವೀರಮ್ಮನಿಗೆ ಕೊಟ್ಟುಬಂದಿದ್ದಳು. ಕತ್ತಲಾಗುವುದರೊಳಗೆ ಹೇಗಿದ್ದರೂ ಗುಣಿಗೆ ಒಪ್ಪುವುದೇ ಎಂದು ಮನಸ್ಸಿನಲ್ಲಿ ತೀರ್ಮಾನವಾಗಿತ್ತು. ಆದರೆ ಸಂತೆಯಲ್ಲಿ ಬೀಗಿತ್ತಿ ಆಡಿದ ಮಾತು ಇನ್ನೂ ಎದೆಯಲ್ಲಿತ್ತು. ಸೂರ್ಯ ಮುಳುಗುವವರೆಗಾದರೂ ಕಾಯೋಣ ಎಂದುಕೊಂಡಳು.

ಅಷ್ಟು ಕಾಯಬೇಕಾಗಲಿಲ್ಲ. ಗುಡಿಸಲು ಮೂರನೆಯ ಸಲ ಬಿದ್ದಾಗ ಒಂದು ಬಿದಿರು ಉರುಳಿ ಅನ್ನದ ಮಡಕೆಗೆ ತಗುಲಿತು. ದೇವೀರಮ್ಮ ಎದ್ದು ನಿಂತಳು.

"ಅವಳ ಕೊಂಡಿಗೆ ಉಂ ಅನ್ರಿ. ಇಲ್ದಿದ್ರೆ ನಾನು ಓಗಿ ಅವಳ ಗುಡ್ಲಲ್ಲಿ ಮಲಿಕ್ಕೋತೀನಿ, ನೀವು ತೊಲೆ ತಬ್ಕೊಂಡು ಮಲಿಕ್ಕಳಿ."

ಕರಿಯಪ್ಪ ಮೀಸೆಯಲ್ಲಿ ಸಿಕ್ಕಿದ್ದ ಸೋಗೆಯ ಎಳೆಯನ್ನು ತೆಗೆದ.

"ಒಂದೇ ಕೊಂಡಿ," ಎಂದ. "ನಾನು ಪಕ್ಕದಲ್ಲಿ ನಿಂತು ನೋಡ್ಬೇಕು."

"ನೀವಿಲ್ದೆ ಹೊಡುದೇನಾ ಯಜಮಾನ್ರೇ? ತೋಡಿ, ಎಲ್ಲಿ ಬೇಕೋ ಅಲ್ಲಿ," ಎಂದು ಹೊಂಬಾಳಮ್ಮ ತಾನೇ ಹಾರೆ ತೆಗೆದುಕೊಂಡು ಮೊದಲನೆಯ ಗುಣಿಗೆ ಗುರುತು ಹಾಕಿದಳು.

ಆಮೇಲಿನ ಶುಕ್ರವಾರಗಳಲ್ಲಿ ಕರಿಯಪ್ಪನಿಗೆ ತಟ್ಟಲು ಗೋಡೆ ಇರಲಿಲ್ಲ. ವಿಭೂತಿ ಇಟ್ಟುಕೊಂಡು ಸುಮ್ಮನೆ ಕೂರುತ್ತಿದ್ದ. ಅದನ್ನು ನೋಡಲಾರದೆ ಹೊಂಬಾಳಮ್ಮನೇ ಹೋಗಿ, "ಬನ್ನಿ, ನಮ್ ಗುಡ್ಲು ನೋಡ್ಬುಡಿ" ಎಂದು ಕರೆದಳು. ಅವನು ಬಂದು ಬಿದಿರನ್ನು ಗೆಣ್ಣಿನಿಂದ ತಟ್ಟಿ, ಕಿವಿ ಇಟ್ಟು, "ಪರವಾಗಿಲ್ಲ" ಎಂದ.

ವಠಾರದಲ್ಲಿ ಯಾರಿಗೂ ಗಡ್ಡೆ ಏಳಲಿಲ್ಲ. ಬಿಸಿಲು ಬಲಿತ ಮೇಲೆ ಊರಿಗೆ ಹಿಂದಿರುಗಿದರು. ಗೋಡೆಗಳ ತುಂಬ ಗಾರೆಯ ಬಿಳಿ ಚುಕ್ಕೆಗಳು. ಸಿಡುಬು ಎದ್ದು ವಾಸಿಯಾದ ಮೈಯಂತೆ ಕಾಣುತ್ತಿದ್ದವು. ಕರಿಯಪ್ಪ ಅವುಗಳ ಕಡೆ ನೋಡುತ್ತಿರಲಿಲ್ಲ. ಹೊಳಲಿನಿಂದ ತೊಟ್ಟಿಲು ಬಂತು, ಮಳವಳ್ಳಿಯ ಬಸ್ಸಿನಿಂದ ಮಲ್ಲಿಗಮ್ಮ ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಇಳಿದಳು.

ಕೊಂಡಿ ಹೊಡೆಯುವ ಬೆಳಿಗ್ಗೆ ವಠಾರವೆಲ್ಲ ನಡುಮನೆಯಲ್ಲಿ ಸೇರಿತ್ತು. ನಿಂಗಯ್ಯ ಕಾರ್ಖಾನೆಯಲ್ಲಿದ್ದ. ಹೊಂಬಾಳಮ್ಮ ಸೆರಗು ಬಿಗಿದು ಏಣಿ ಹತ್ತಿದಳು. ಏಣಿಯನ್ನು ಕರಿಯಪ್ಪನೇ ಹಿಡಿದಿದ್ದ. ಏಟು ಬೀಳುವುದನ್ನು ನೋಡಲಾರೆ ಎಂದು ಕಣ್ಣು ಮುಚ್ಚಿದ್ದ. ಅವಳು ಕೊಂಡಿಯನ್ನು ತೊಲೆಗೆ ಇಟ್ಟಳು, ಸುತ್ತಿಗೆ ಎತ್ತಿದಳು, ಎತ್ತಿದ ಕೈ ಹಾಗೇ ನಿಂತಿತು.

ಕರಿಯಪ್ಪ ಒಂದು ಕಣ್ಣು ತೆರೆದ. "ಹೊಡಿಯಮ್ಮ, ಯಾಕ್ ನಿಂತ್ಕಂಡೆ? ನಾನೇ ಉಂ ಅಂದಿವ್ನಲ್ಲ."

"ತಡೀರಿ ಯಜಮಾನ್ರೇ," ಎಂದಳು ಹೊಂಬಾಳಮ್ಮ, ಅಭ್ಯಾಸಬಲದಿಂದ. "ರೈಲು ಬರ್ಲಿ."

ಕರಿಯಪ್ಪ ಏಣಿಯನ್ನು ಹಿಡಿದುಕೊಂಡೇ ರೈಲುಹಳಿಯ ಕಡೆ ನೋಡಿದ, ಗೋಡೆಯ ಚುಕ್ಕೆಗಳ ಕಡೆ ನೋಡಿದ, ಮತ್ತೆ ಹಳಿಯ ಕಡೆ ನೋಡಿದ. ಅವನ ಮೀಸೆ ಅಲ್ಲಾಡತೊಡಗಿತು. ಸಿಟ್ಟೋ ನಗುವೋ ಎಂದು ದೇವೀರಮ್ಮನಿಗೂ ಮೊದಲು ತಿಳಿಯಲಿಲ್ಲ, ನಗುವೇ ಆಗಿತ್ತು.

"ರೈಲು ಬಂದಾಗೆಲ್ಲಾನಾ!" ಎಂದ ಅವನು. "ಈಗ್ಲಾದ್ರೂ ನಿಜ ಹೇಳಮ್ಮ. ನಿಮ್ಮನೇಲಿ ಎಷ್ಟು?"

ಹೊಂಬಾಳಮ್ಮ ಏಣಿಯ ಮೇಲಿನಿಂದಲೇ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಮೊಳೆ ಒಂದೇ ಯಜಮಾನ್ರೇ. ತೂತು ನಲವತ್ತಮೂರು."