ಹೆಂಗಸರ ಬಾಗಿಲಿನ ಹಿರಿಯಾಕೆ

ಈಗ ಪಾರಂಪರಿಕ ಕಟ್ಟಡವೆಂಬ ಫಲಕ ಹೊತ್ತಿರುವ ಚನ್ನಗಿರಿಯ ಟಾಕೀಸಿನಲ್ಲಿ, ನಲವತ್ತರ ದಶಕದಲ್ಲಿ, ಹೆಂಗಸರ ಬಾಗಿಲು ಕಾಯುತ್ತಿದ್ದವಳು ಸಾಬರ ಮನೆಯ ಒಬ್ಬ ಹಿರಿಯಾಕೆ. ಟಿಕೆಟ್ ಹರಿದು, ಭುಜ ಮುಟ್ಟಿ, "ಸರ್ಕೊಂಡು ಕೂತ್ಕೋರಿ, ಜಾಗ ಐತೆ" ಎನ್ನುತ್ತಿದ್ದಳು.

ಹೊಸ ಸೊಸೆಯಾಗಿದ್ದ ನಾನು ಒಂದು ಮಧ್ಯಾಹ್ನ ಮನೆಯಲ್ಲಿ ಹೇಳದೆ ಸಿನಿಮಾಕ್ಕೆ ಹೋದೆ. ಆಟದ ನಡುವೆ ಬಾಗಿಲಲ್ಲಿ ಅತ್ತೆಯ ದನಿ ಕೇಳಿತು: "ನಮ್ ಸೊಸೆ ಒಳಗೆ ಅದಾಳೇನ್ರಿ?"

"ಇಲ್ಲ ರೀ. ಬಂದೀರಲ್ಲ, ನೀವೂ ನೋಡ್ರಿ" ಎಂದ ಆಕೆ, ಅತ್ತೆಯನ್ನು ಕತ್ತಲಲ್ಲಿ ಕೈಹಿಡಿದು ತಂದು ನನ್ನ ಪಕ್ಕದಲ್ಲೇ ಕೂರಿಸಿದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ, ತೆರೆಯ ಮೇಲೆ ಅಳುವ ದೃಶ್ಯ ಬಂದಾಗ, ಪಕ್ಕದಲ್ಲಿರುವುದು ಯಾರೆಂದು ತಿಳಿಯದೆ ಅತ್ತೆ ಕಣ್ಣೀರು ಒರೆಸಿಕೊಳ್ಳುತ್ತ ನನ್ನ ಕೈಯನ್ನೇ ಹಿಡಿದುಕೊಂಡರು.

ದೀಪ ಹತ್ತಿದಾಗ ನನ್ನನ್ನು ನೋಡಿ, "ಏಳು, ಹಾಲು ಕಾಸಾಕೆ ಹೊತ್ತಾತು" ಅಂದರು, ಅಷ್ಟೆ.

ಮರುವಾರ ಬಾಗಿಲಿನ ಹಿರಿಯಾಕೆಯನ್ನು ಕೇಳಿದೆ: "ಗೊತ್ತಿದ್ದೇ ನಮ್ಮತ್ತೇನ ನನ್ ಪಕ್ಕ ಕೂರಿಸಿದ್ರೇನ್ರಿ?"

ಆಕೆ ನನ್ನ ಮುಖವನ್ನೇ ದಿಟ್ಟಿಸಿ, "ನಿಮ್ಮತ್ತೆ ಯಾರವ್ವ?" ಎಂದಳು.

ನಿಜಕ್ಕೂ ಗೊತ್ತಿಲ್ಲದೆ ಕೇಳಿದಳೋ, ಬೇಕೆಂದೇ ಕೇಳಿದಳೋ, ನನಗೆ ಇಂದಿಗೂ ತಿಳಿದಿಲ್ಲ.