ನಾನು ಮಾಡಿಕೊಟ್ಟ ಅತಿಥಿ ಪರಿಚಯ

ಅಮೆರಿಕದಲ್ಲಿ, ಬಾಥೆಲ್ ಊರಿನ ಕಡೆಯ ಒಂದು ಕಾಲೇಜಿನಲ್ಲಿ, ಯಹೂದಿ ಅಧ್ಯಯನ ವಿಭಾಗದ ಆಫೀಸಿನಲ್ಲಿ ನನಗೆ ಕೆಲಸ. ಕಳೆದ ವರ್ಷ ತರಗತಿಗೆ ಒಬ್ಬ ಲೇಖಕಿಯನ್ನು ಕರೆಸುವ ಹೊಣೆ ನನ್ನ ಮೇಲೆ ಬಿತ್ತು. ಪಕ್ಕದ ಊರು ಕರ್ಕ್‌ಲ್ಯಾಂಡಿನಲ್ಲಿದ್ದ ಆಕೆಗೆ ಎಂಬತ್ತೇಳು ವರ್ಷ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳ ಕಣ್ಣು ತಪ್ಪಿಸಿ ಪುಟ್ಟ ತಮ್ಮನೊಂದಿಗೆ ಯಾರದೋ ಮನೆಯ ಅಟ್ಟದಲ್ಲಿ ಅಡಗಿದ್ದು, ತಮ್ಮ ಅಲ್ಲೇ ಹಸಿವಿನಿಂದ ಸತ್ತದ್ದು ಆಕೆಯ ಪುಸ್ತಕದಲ್ಲಿತ್ತು.

ಎರಡು ಸಲ ಒಲ್ಲೆ ಎಂದವರು ಮೂರನೇ ಸಲ ಫೋನಿನಲ್ಲಿ ಒಪ್ಪಿದರು. "ಕೊನೇ ಬ್ರೆಡ್ ಚೂರನ್ನ ಇಬ್ರೂ ಹಂಚ್ಕೊಂಡ್ವಿ ಅಂತ ಬರ್ದಿದೀನಿ. ಸುಳ್ಳು. ಮುಗ್ದೋಯ್ತು ಅಂತ ಅವ್ನಿಗೆ ಹೇಳಿ ನಾನೊಬ್ಳೇ ತಿಂದೆ. ಮಗಳಿಗೂ ಹೇಳಿಲ್ಲ. ಸಾಯೋದ್ರೊಳಗೆ ಒಂದ್ಸಲ ಬಾಯಿಬಿಟ್ಟು ಹೇಳ್ಬೇಕು. ನಿಮ್ಮ ಕ್ಲಾಸಲ್ಲಿ ಹೇಳ್ತೀನಿ."

ಪರಿಚಯ ಭಾಷಣವೂ ನನ್ನ ಪಾಲಿಗೆ ಬಂತು. ಎರಡು ನಿಮಿಷ ಸಾಕು ಎಂದಿದ್ದರು ಪ್ರೊಫೆಸರು. ಆದರೆ ನಮ್ಮ ಕನ್ನಡ ಕೂಟದಲ್ಲಿ ಹದಿನೈದು ವರ್ಷದಿಂದ ಆ ಕೆಲಸ ನನ್ನದೇ. ಅತಿಥಿ ಹುಟ್ಟಿದ್ದು, ಓದಿದ್ದು, ಪಟ್ಟ ಪಾಡು ಎಲ್ಲವನ್ನೂ ನಾನೇ ಹೇಳಿ ಮುಗಿಸಿರುತ್ತೇನೆ. "ಪಾಪ, ಅವ್ರಿಗೂ ಏನಾದ್ರೂ ಉಳಿಸೇ," ಎಂದು ಗಂಡ ಛೇಡಿಸುವುದುಂಟು. ಚುಟುಕಾಗಿ ಮುಗಿಸಿದರೆ ಅತಿಥಿಗೆ ಅವಮಾನ ಎಂದೇ ನಮ್ಮಲ್ಲಿ ಎಣಿಕೆ.

ಆ ದಿನ ತರಗತಿಯ ರೆಕಾರ್ಡಿಂಗ್ ನಡೆದಿತ್ತು. ಆಕೆಯ ಊರು, ಅಟ್ಟ, ತಮ್ಮ ಎಲ್ಲ ಆಯಿತು. ಹುಡುಗರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ನನಗೆ ಅದರ ರುಚಿ ಹತ್ತಿತು. ಪುಸ್ತಕದಲ್ಲಿಲ್ಲದ ಒಂದು ಸತ್ಯವನ್ನು ಇವರು ಇವತ್ತು ಹೇಳಲಿದ್ದಾರೆ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಎಂಥ ಧೈರ್ಯ ಎಂದು ಹೊಗಳುತ್ತಾ ಬ್ರೆಡ್ಡಿನ ವಿಷಯವನ್ನೂ ಹೇಳಿಬಿಟ್ಟೆ.

ಚಪ್ಪಾಳೆ ಬಿತ್ತು. ಆಕೆ ಎದ್ದು ಮೇಜು ಹಿಡಿದು ನಿಂತರು. "ಅವ್ರೇ ಹೇಳಿದ್ರಲ್ಲ," ಎಂದಷ್ಟೇ ಹೇಳಿ ಕುಳಿತುಬಿಟ್ಟರು. ಹುಡುಗರ ಪ್ರಶ್ನೆಗಳಿಗೆ ಬರೀ ತಲೆಯಾಡಿಸಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾರಿನಲ್ಲಿ ಮನೆಗೆ ಬಿಡುವಾಗ ಕ್ಷಮೆ ಕೇಳಿದೆ, ಇನ್ನೊಮ್ಮೆ ಬನ್ನಿ ಎಂದೂ ಬೇಡಿಕೊಂಡೆ.

"ನೀವು ಚೆನ್ನಾಗೇ ಹೇಳಿದ್ರಿ. ಆದ್ರೆ ಹೇಳ್ಬೇಕಾಗಿದ್ದು ನಾನು. ಇನ್ನೊಂದ್ಸಲ ನನ್ ಕೈಲಾಗಲ್ಲ," ಎಂದರು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಎರಡು ತಿಂಗಳ ನಂತರ ಆಕೆಯ ಮಗಳು ಫೋನ್ ಮಾಡಿದರು. ತಾಯಿ ತೀರಿಕೊಂಡು ವಾರವಾಗಿತ್ತು. "ಅಮ್ಮ ಏನೋ ಹೇಳ್ಬೇಕು ಅಂತಿದ್ರು, ನನ್ನ ಮುಖ ನೋಡಿ ಹೇಳೋಕಾಗ್ಲಿಲ್ಲ. ಕ್ಲಾಸಲ್ಲಿ ಹೇಳ್ತೀನಿ, ರೆಕಾರ್ಡಿಂಗ್ ತರಿಸ್ಕೊಂಡು ಕೇಳು ಅಂದಿದ್ರು. ಕಳಿಸ್ತೀರಾ? ಅವ್ರ ದನೀಲಿ ಕೇಳ್ಬೇಕು."

ಕಳಿಸಿದೆ. ಅದರಲ್ಲಿ ಹನ್ನೆರಡು ನಿಮಿಷ ಮಾತಾಡಿರುವವಳು ನಾನು.