ಈಜುಕೊಳದ ಆಂಟಿ

ನೀರಿಗಿಳಿದ ಕೂಡಲೇ ಆಂಟಿಯ ಬೆನ್ನು ಉಬ್ಬುತ್ತಿತ್ತು. ಕುತ್ತಿಗೆಯಿಂದ ಕಣಕಾಲಿನವರೆಗೆ ಮುಚ್ಚುವ ಕಪ್ಪು ಈಜುಡುಗೆಯೊಳಗೆ ಗಾಳಿ ಸಿಕ್ಕಿಕೊಂಡು ದೊಡ್ಡ ಗೂನಿನಂತೆ ಏಳುತ್ತಿತ್ತು. ಅವರು ಕೊಳದ ಅಂಚು ಹಿಡಿದು ನಿಂತು, ಒಂದು ಕೈ ಹಿಂದಕ್ಕೆ ಚಾಚಿ ಅದನ್ನು ಒತ್ತಿದರೆ ಕೊರಳ ಬಳಿಯಿಂದ ಬುಳಬುಳನೆ ಗುಳ್ಳೆಗಳು ಏಳುತ್ತಿದ್ದವು. ಅಕ್ಕಪಕ್ಕದವರು ತಿರುಗಿ ನೋಡುತ್ತಿದ್ದರು. “ಪೂರಿ ಉಬ್ಬೇತಿ ನೋಡು,” ಎಂದು ಆಂಟಿ ನಗುತ್ತಿದ್ದರು. ನಾನು ಅವರ ಜೊತೆಗೆ ಬಂದವಳಲ್ಲ ಎಂಬಂತೆ ಗೋಡೆಯ ಗಡಿಯಾರ ನೋಡುತ್ತಿದ್ದೆ.

ಅವರು ಹುಬ್ಬಳ್ಳಿಯವರು. ನಾವಿರುವ ಈ ಪರದೇಶದ ಊರಿನ ಹಾರ್ನ್‌ಬಿ ಬಡಾವಣೆಯಲ್ಲಿ ಅವರ ಮಗನ ಟೈರ್ ಅಂಗಡಿಯಿತ್ತು. ಶನಿವಾರ ಬೆಳಿಗ್ಗೆ ಮಗ ಅಂಗಡಿಗೆ ಹೋಗುವಾಗ ತನ್ನ ಪಿಕಪ್ ಗಾಡಿಯಲ್ಲಿ ಅವರನ್ನು ಕೂರಿಸಿಕೊಂಡು ಬಂದು ಈಜುಕೊಳದ ಬಾಗಿಲಿಗೆ ಬಿಡುತ್ತಿದ್ದ. ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನು ಮೈಸೂರಿನ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದುದನ್ನು ಕೇಳಿ ತಾವಾಗಿಯೇ ಬಂದು ಪರಿಚಯ ಮಾಡಿಕೊಂಡರು. ಅವರು ಏನೇನು ಹೇಳಿದರೋ, ನನಗೆ ಗಮನವಿರಲಿಲ್ಲ. ಟವಲ್ ಜಾರದಂತೆ ಹಿಡಿದುಕೊಳ್ಳುವುದರಲ್ಲೇ ನನ್ನ ಜೀವ ಅರ್ಧವಾಗಿತ್ತು.

ಸೇತುವೆಗಳ ಲೆಕ್ಕ ಹಾಕುವ ಎಂಜಿನಿಯರ್ ನಾನು. ಆದರೆ ಮೊಣಕಾಲಿಗಿಂತ ಮೇಲಿನ ನೀರು ಕಂಡವಳಲ್ಲ. ಸಮುದ್ರತೀರಕ್ಕೆ ಹೋದರೆ ಜೀನ್ಸ್ ಹಾಕಿಕೊಂಡು ಮರಳಿನ ಮೇಲೆ ಎಲ್ಲರ ಚೀಲ ಕಾಯುತ್ತಾ ಕೂರುವುದು ನನ್ನ ಕೆಲಸ. ಇಲ್ಲೇ ಹುಟ್ಟಿದ ಮಗಳು ಒಂದು ದಿನ ಕಾರಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, “ಅಮ್ಮಾ, ನೆಕ್ಸ್ಟ್ ಟೈಮ್ ಯು ಸ್ಟೇ ಹೋಮ್. ಅದರ್ ಮಮ್ಸ್ ಗೋ ಇನ್,” ಎಂದಳು. ಕೋಪವಿರಲಿಲ್ಲ ಅವಳ ದನಿಯಲ್ಲಿ. ಅದಕ್ಕೇ ನನಗೆ ಹೆಚ್ಚು ನಾಟಿತು. ಮುಂದಿನ ಬೇಸಿಗೆಯೊಳಗೆ ಅವಳ ಜೊತೆ ಸಮುದ್ರಕ್ಕೆ ಇಳಿಯಲೇಬೇಕೆಂದು ಹಟ ಹಿಡಿದು ಬಂದಿದ್ದೆ.

ಕೊಳದ ನೀರಿನಿಂದ ಕೂದಲು ಹಾಳಾಗುತ್ತದೆ, ಚೆನ್ನಾಗಿ ಎಣ್ಣೆ ಹಚ್ಚಿಕೊಂಡು ಹೋಗು ಎಂದು ಅಮ್ಮ ಹೇಳಿದ್ದಳು. ತಲೆ ನೆನೆಯುವ ಮುಂಚೆ ಎಣ್ಣೆ ಹಚ್ಚದೆ ಇದ್ದದ್ದು ನಮ್ಮ ಮನೆಯಲ್ಲಿ ಉಂಟೇ? ಕೊಬ್ಬರಿ ಎಣ್ಣೆ ಬಿಸಿ ಮಾಡಿ ಬುಡಕ್ಕೆಲ್ಲ ತಿಕ್ಕಿಕೊಂಡೇ ಬಂದೆ. ಮೊದಲ ಸಲ ಧೈರ್ಯ ಮಾಡಿ ತಲೆ ಮುಳುಗಿಸಿ ಎದ್ದಾಗ ನನ್ನ ಸುತ್ತ ನೀರಿನ ಮೇಲೆ ಬಣ್ಣಬಣ್ಣದ ಪದರ ಹರಡುತ್ತಿತ್ತು. ಕಾವಲಿಗಿದ್ದ ಹುಡುಗಿ ಸೀಟಿ ಊದಿ, ಆ ಬದಿಯಲ್ಲಿ ಪಾಠ ಕಲಿಯುತ್ತಿದ್ದ ಮಕ್ಕಳನ್ನೆಲ್ಲ ಮೇಲೆ ಹತ್ತಿಸಿದಳು. ಆ ಮಕ್ಕಳಲ್ಲಿ ನನ್ನ ಮಗಳೂ ಇದ್ದಳು. ಟವಲ್ ಸುತ್ತಿಕೊಂಡು ನಡುಗುತ್ತಾ, ನನ್ನನ್ನು ಬಿಟ್ಟು ಬೇರೆಲ್ಲವನ್ನೂ ನೋಡುತ್ತಿದ್ದಳು. ಏನಿದು, ಯಾರದು ಎಂದು ಹುಡುಗಿ ಕೇಳಿದಾಗ ನಾನು ಗೋಡೆಯ ಗಡಿಯಾರ ನೋಡಿದೆ.

ಆಂಟಿ ಕೈಯೆತ್ತಿದರು. “ಸಾರಿ ಮಗಾ. ಮೈ ಹೇರ್ ಆಯಿಲ್,” ಎಂದರು. ಅವರ ತಲೆ ಬಿಗಿಯಾದ ಟೋಪಿಯೊಳಗಿತ್ತು. ಒಂದು ತೊಟ್ಟು ಎಣ್ಣೆಯೂ ಇರಲಿಲ್ಲ.

ನಾನು ಮನೆಗೆ ಹೊರಟಿದ್ದೆ. ಅವರು ರಟ್ಟೆ ಹಿಡಿದು ಷವರ್ ಕೆಳಗೆ ಬೆಂಚಿನ ಮೇಲೆ ಕೂರಿಸಿ, ತಮ್ಮ ಶಾಂಪೂ ಸುರಿದು, ತಾಯಿ ಮಗಳಿಗೆ ಎರೆದಂತೆ ನನ್ನ ತಲೆ ಉಜ್ಜಿದರು. ನಾನು ಅಳುತ್ತಿದ್ದೆ. ಉಜ್ಜುತ್ತಲೇ ಹೇಳಿದರು: “ಮೊಮ್ಮಗ ಸಮುದ್ರದಾಗ ಬಿದ್ದಾಗ ನಾ ದಂಡಿ ಮ್ಯಾಲ ನಿಂತು ಬರೇ ಒದರಿದೆ. ಬ್ಯಾರೆ ಯಾರೋ ಹೋಗಿ ಎತ್ತಿ ಉಳಿಸಿದ್ರು. ನಾಚಿಕಿ ಅಂದ್ರ ಅದು, ತಂಗಿ. ಇದೇನ್ ನಾಚಿಕಿ?” ಆಮೇಲೆ ಬೆನ್ನಿಗೊಂದು ಸಣ್ಣ ಏಟು ಕೊಟ್ಟು, “ಇವತ್ತ ಮನಿಗೆ ಹೋದ್ರ ನೀ ಮತ್ತ ಬರಂಗಿಲ್ಲ. ನಡಿ, ಇಳಿ,” ಎಂದರು.

ಇಳಿದೆ. ಅವರು ಅಂಗೈಯನ್ನು ನನ್ನ ಬೆನ್ನಿನ ಕೆಳಗಿಟ್ಟು ತೇಲಿಸಿದರು. ಅಂದಿನಿಂದ ಪ್ರತಿ ಶನಿವಾರ, ಮಗಳು ಆ ಬದಿಯಲ್ಲಿ ತನ್ನ ಪಾಠದಲ್ಲಿರುವಾಗ, ಅವರೇ ನನ್ನ ಮೇಷ್ಟ್ರು. ನೀರಿನೊಳಗೆ ಉಸಿರು ಬಿಡಲು ಹೆದರಿದರೆ, ಒಲೆ ಊದಿದ ಹಾಗೆ ಊದು ಎನ್ನುವರು. ಮುಗಿದ ಮೇಲೆ ಕಾರ್ ಪಾರ್ಕಿನಲ್ಲಿ ನಿಂತು ಸ್ಟೀಲ್ ಡಬ್ಬಿಯಿಂದ ಒಗ್ಗರಣೆ ಚುರುಮುರಿ ಕೊಡುವರು. ಮಗಳು ಖಾರಕ್ಕೆ ಮೂಗು ಸೋರಿಸಿಕೊಂಡು ತಿನ್ನುವಳು. ಚಳಿಗಾಲ ಬರುವ ಹೊತ್ತಿಗೆ ನಾನು ಕೊಳದ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದೆ, ಅಂದವಾಗಿ ಅಲ್ಲ, ಆದರೆ ಮುಳುಗದೆ.

ಆಮೇಲೆ ಅವರು ಬರುವುದು ನಿಂತಿತು. ಊರಿಗೆ ಹೋಗಿರಬೇಕು ಅಂದುಕೊಂಡೆ. ನನಗೂ ಆಫೀಸಿನ ಗಡಿಬಿಡಿ. ಒಂದು ಶನಿವಾರ ಕೌಂಟರಿನಲ್ಲಿ ವಿಚಾರಿಸಿದಾಗ ಅಲ್ಲಿದ್ದವನು ಹೆಸರೇನು ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಅವರ ನಂಬರ್ ‘ಪೂಲ್ ಆಂಟಿ’ ಎಂದಿತ್ತು. ನಮ್ಮಲ್ಲಿ ದೊಡ್ಡವರನ್ನು ಆಂಟಿ ಅಂದುಬಿಟ್ಟರೆ ಮುಗಿಯಿತು, ಮುಂದೆ ಕೇಳುವುದೇ ಇಲ್ಲ. ಅದನ್ನು ಮರ್ಯಾದೆ ಅಂತ ಬೇರೆ ತಿಳಿದುಕೊಂಡಿದ್ದೇವೆ.

ಕಾರಿನಲ್ಲಿ ಕೂತು ಫೋನ್ ಮಾಡಿದೆ. ಅವರ ಸೊಸೆ ಎತ್ತಿದರು. ಆಂಟಿ ಇದ್ದಾರಾ ಎಂದೆ. “ಅಮ್ಮಿ ತೀರ್ಕೊಂಡು ತಿಂಗಳಾತ್ರಿ,” ಎಂದರು. ಎದೆನೋವು ಬಂದು ಒಂದೇ ದಿನದಲ್ಲಿ ಹೋಗಿಬಿಟ್ಟರಂತೆ. ನಾನು ಯಾರೆಂದು ಹೇಳುವ ಮುಂಚೆಯೇ ಸೊಸೆ ನನ್ನ ಹೆಸರು ಹೇಳಿ, ನೀವೇನಾ ಎಂದರು. ಮಗಳ ಹೆಸರನ್ನೂ ಹೇಳಿ, ಅವಳ ಈಜಿನ ಪರೀಕ್ಷೆ ಆಯಿತಾ, ಅಮ್ಮಿ ಅದೇ ಮಾತಾಡುತ್ತಿದ್ದರು ಎಂದರು. ಇಷ್ಟೆಲ್ಲ ಆದ ಮೇಲೆ, ನಿಮ್ಮ ಅತ್ತೆಯ ಹೆಸರೇನು ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ? ಕೇಳಲಿಲ್ಲ. ಅವರ ಮನೆಗೆ ಹೋಗಿ ಬಂದೆ, ಆಗಲೂ ಕೇಳಲಿಲ್ಲ.

ಈ ಬೇಸಿಗೆಯಲ್ಲಿ ಮಗಳ ಜೊತೆ ಸಮುದ್ರಕ್ಕೆ ಇಳಿದೆ. ಅಲೆ ಒಡೆಯುವ ಜಾಗ ದಾಟಿ ಇಬ್ಬರೂ ಮಲಗಿ ತೇಲುತ್ತಿದ್ದೆವು. ಅವಳಿಗೆ ಖುಷಿಯೋ ಖುಷಿ. “ಅಮ್ಮಾ, ಹೂ ಟಾಟ್ ಯು ಟು ಫ್ಲೋಟ್?” ಎಂದಳು. ಆಂಟಿ ಎಂದೆ. ನಮ್ಮ ಪರಿಚಯದ ಹೆಂಗಸರೆಲ್ಲ ಅವಳಿಗೆ ಆಂಟಿಯರೇ.

“ವಿಚ್ ಆಂಟಿ?”